ಬಾಲಬೋಧೆಯಲ್ಲಿ ಕಥಾಪಾತ್ರವಿವೇಚನೆ: ಕ್ರೈಸ್ತದೃಷ್ಟಿಯ ಪರಾಮರ್ಶೆ

ಕಾವ್ಯವು ಕಾಂತಾಸಂಮಿತವಾಗಿ ಉಪದೇಶಿಸುವುದೆಂದು ಮಮ್ಮಟನೇ ಮೊದಲಾದ ಆಲಂಕಾರಿಕರ ಮತ. ರಾಮನು ಅನುಸರಣೀಯನು, ರಾವಣನು ವರ್ಜ್ಯನು ಎಂಬ ವಿಭಾಗವೇ ಅದಕ್ಕೆ ಪ್ರಸಿದ್ಧ ನಿದರ್ಶನ. ಪಾಠಶಾಲೆಗಳಲ್ಲಿ ಪಾತ್ರಪರಿಚಯವೂ ಬಹುಮಟ್ಟಿಗೆ ಈ ಕ್ರಮದಲ್ಲಿಯೇ ನಡೆಯುತ್ತದೆ. ಈ ಅಳತೆಗೋಲು ಕ್ರೈಸ್ತಕಥೆಗಳಿಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದು ಪ್ರಕೃತ ವಿಚಾರಣೀಯ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯದಲ್ಲಿ ಕಿರಿಯ ಮಗನು ತನ್ನ ಪಾಲನ್ನು ದುಂದುಮಾಡಿ, ಹಸಿದು, ಮರಳಿ ಬರುವನು. ತಂದೆಯು ಓಡಿಹೋಗಿ ಅಪ್ಪಿಕೊಳ್ಳುವನು. ಹಿರಿಯನು ಮುನಿದು ಹೊರಗೆ ನಿಲ್ಲುವನು. ಕಿರಿಯನು ದುಷ್ಟ, ಹಿರಿಯನು ಶಿಷ್ಟ ಎಂದು ಹೇಳಿಕೊಟ್ಟರೆ ಕಥೆಯೇ ಕೆಡುವುದು. ಹಿರಿಯನು ಕಡೆಗೆ ಒಳಹೊಕ್ಕನೋ ಇಲ್ಲವೋ ಕಥೆ ಹೇಳುವುದಿಲ್ಲ. ಯೇಸುವು ಪಾಪಿಗಳೊಡನೆ ಉಣ್ಣುವನೆಂದು ಗೊಣಗಿದ ಫರಿಸಾಯರ ಮುಂದೆ ಹೇಳಿದ ಕಥೆಯಿದು. ಆದಕಾರಣ ಉಳಿದ ಭಾಗವನ್ನು ಕೇಳುವವನೇ ಪೂರೈಸಬೇಕು. ಸಮಾರ್ಯದವನ ಕಥೆಯೂ ಹಾಗೆಯೇ. ಯೆಹೂದ್ಯರು ಸಮಾರ್ಯರನ್ನು ಹೀನೈಸುತ್ತಿದ್ದರೆಂಬುದನ್ನು ತಿಳಿಸದೆ ಪಾಠಮಾಡಿದರೆ, ಅದು ಬರಿಯ ಪರೋಪಕಾರದ ಕಥೆಯಾಗಿ ಉಳಿಯುವುದು.

ಜಾನ್ ಬನಿಯನ್ನನ 1678ರ ಗ್ರಂಥವು 19ನೆಯ ಶತಮಾನದಲ್ಲಿ ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ಬಂದಿತು. ಅಲ್ಲಿ ಪಾತ್ರದ ಹೆಸರೇ ಗುಣವನ್ನು ಸಾರುವುದರಿಂದ ಬಾಲರಿಗೆ ಗ್ರಹಿಕೆ ಸುಲಭ. ಆದರೆ ಹೆಸರು ತಿಳಿದೊಡನೆ ಪಾತ್ರವೂ ತಿಳಿಯಿತೆಂಬ ಭ್ರಮೆಗೆ ಅದೇ ಎಡೆಗೊಡುವುದು. ವಾಸ್ತವವಾಗಿ ಆ ಗ್ರಂಥದ ಜೀವವಿರುವುದು, ನಾಯಕನೇ ದಾರಿತಪ್ಪಿ ನಿರಾಶೆಯೆಂಬ ದೈತ್ಯನ ಸೆರೆಬಿದ್ದು, ಬಿಡುಗಡೆಯ ಬೀಗದಕೈ ತನ್ನ ಎದೆಯಲ್ಲಿಯೇ ಇದ್ದುದನ್ನು ನೆನೆದುಕೊಳ್ಳುವ ಪ್ರಸಂಗದಲ್ಲಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಯೋಜನವುಂಟು. ಜೈನರೂ ಲಿಂಗಾಯತರೂ ಬಹುಸಂಖ್ಯೆಯಲ್ಲಿ ನೆಲಸಿ, ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ನೆಲವಿದು. ಇಲ್ಲಿಯ ಬಾಲಕನು ಮನೆಯ ಕಥೆಗಳೊಡನೆಯೇ ಶಾಲೆಗೆ ಬರುವನು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ, ಹಿಂದಣ ಜನ್ಮದಲ್ಲಿ ಒದೆಯಿಸಿಕೊಂಡ ಅತ್ತಿಗೆಯು ನರಿಯಾಗಿ ಹುಟ್ಟಿ, ಧ್ಯಾನಸ್ಥನಾದ ಆತನ ಕಾಲನ್ನು ತಿನ್ನುವಳು. ಅಲ್ಲಿ ಮಾಡಿದ ಕರ್ಮವನ್ನು ತಾಳ್ಮೆಯಿಂದ ಉಂಡು ತೀರಿಸುವುದೇ ಪಾತ್ರದ ಮಹಿಮೆ. ಸಾಮ್ಯದಲ್ಲಾದರೋ ಮಗನು ತೀರಿಸಲಾರದುದನ್ನು ತಂದೆಯೇ ಮನ್ನಿಸಿಬಿಡುವನು. ಎರಡರ ಸಾರವೂ ಒಂದೇ ಎಂದು ಬೆರಸುವುದು ಔದಾರ್ಯದಂತೆ ಕಂಡರೂ ಎರಡು ಕಥೆಗಳಿಗೂ ಅನ್ಯಾಯ. ಒಂದನ್ನು ಮೆರೆಸಲು ಇನ್ನೊಂದನ್ನು ಹಳಿಯುವುದಾದರೋ ಬಾಲಕನನ್ನು ಅವನ ಮನೆಯಿಂದಲೇ ದೂರಮಾಡುವುದು.

ದೃಷ್ಟಿಯನ್ನು ಅರಿಯುವುದು ಬೇರೆ, ಅದನ್ನು ನಂಬುವುದು ಬೇರೆ. ಮೊದಲನೆಯದಷ್ಟೇ ಸಾಹಿತ್ಯಾಧ್ಯಾಪಕನ ಅಧಿಕಾರಕ್ಕೆ ಸೇರಿದುದು. ಕಥೆಯನ್ನು ಯಾರಿಗೆ ಹೇಳಿತು, ಪಾತ್ರದ ಮನಸ್ಸು ಯಾವೆಡೆ ತಿರುಗಿತು, ಕಥೆ ಎಲ್ಲಿ ಮೌನವಹಿಸಿತು ಎಂಬ ಮೂರನ್ನು ಕೇಳಿಸಿದ ಬಳಿಕವೇ ಗುಣದೋಷಗಳ ನಿರ್ಣಯಕ್ಕೆ ಕೈಹಾಕುವುದು ಯುಕ್ತ.