ಅಂಗಳಕ್ಕೆ ಬಂದ ಲಾವಂಚ

ಬೆಂಗಳೂರಿನ ಹೊಸ ಮನೆಗಳ ಮುಂದೆ ಹುಲ್ಲು ಎಂದರೆ ಇವತ್ತಿಗೂ ಲಾನ್. ದಿನಾ ನೀರುಣಿಸಿ, ಆಗಾಗ ಕತ್ತರಿಸಿ, ತೆನೆ ಬಿಡದಂತೆ ಕಾಯುವುದೇ ಅದರ ಆರೈಕೆ. ಹುಲ್ಲು ಚೆಂದ ಕಾಣುವುದೇ ಆಳೆತ್ತರ ಬೆಳೆದು ತೆನೆ ತೂಗಿದಾಗ. ಆ ರುಚಿ ಹತ್ತಿದವರು ಒಂದು ಮೂಲೆಯನ್ನಾದರೂ ಕತ್ತರಿಗೆ ಸಿಗದಂತೆ ಉಳಿಸಿಕೊಳ್ಳುತ್ತಾರೆ.

ಯುರೋಪಿನ ತೋಟಗಳಿಗೆ ಈ ರುಚಿ ಹತ್ತಿಸಿದವರಲ್ಲಿ ಜರ್ಮನಿಯ ಕಾರ್ಲ್ ಫೊಯರ್‌ಸ್ಟರ್ ದೊಡ್ಡ ಹೆಸರು. ಪಾಟ್ಸ್‌ಡಾಮ್‌ನ ಬೋರ್ನಿಮ್‌ನಲ್ಲಿ ನರ್ಸರಿ ನಡೆಸುತ್ತಿದ್ದ ಅವರು 1957ರಲ್ಲಿ ತೋಟದ ಹುಲ್ಲು ಮತ್ತು ಜರಿಗಿಡಗಳ ಬಗ್ಗೆ ಪುಸ್ತಕವನ್ನೇ ಬರೆದರು. ಆಮೇಲಿನ ತಲೆಮಾರಿನಲ್ಲಿ ನೆದರ್ಲೆಂಡ್ಸ್‌ನ ಪೀಟ್ ಔಡಾಲ್ಫ್ ಬಂದರು. ನ್ಯೂಯಾರ್ಕಿನ ಹಳೇ ರೈಲುಹಾದಿಯ ಮೇಲೆ 2009ರಲ್ಲಿ ತೆರೆದ ಹೈಲೈನ್ ಉದ್ಯಾನಕ್ಕೆ ಹುಲ್ಲುಗಳನ್ನು ಆರಿಸಿದವರು ಅವರೇ. ಆ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿ ‘ಇದೇ ಬೇಕು’ ಎನ್ನುವವರು ಇಲ್ಲಿಯೂ ಇದ್ದಾರೆ. ಆದರೆ ಫೊಯರ್‌ಸ್ಟರ್ ಹೆಸರಿನ ಹುಲ್ಲು ಚಳಿ ಕಂಡು ಬೆಳೆದದ್ದು, ನಮ್ಮ ಬಯಲುಸೀಮೆಯ ಏಪ್ರಿಲ್ ಅದಕ್ಕೆ ಒಗ್ಗದು.

ಇಲ್ಲಿನ ನರ್ಸರಿಗಳಲ್ಲಿ ಸಲೀಸಾಗಿ ಸಿಗುವುದು ಫೌಂಟನ್ ಗ್ರಾಸ್. ಕೊಳ್ಳುವಾಗ ಬಣ್ಣ ನೋಡಬೇಕು. ಹಸಿರು ಗರಿಯದು ಬೀಜ ಉದುರಿಸಿ ಊರೆಲ್ಲ ಹಬ್ಬುವ ಜಾತಿ. ಹವಾಯಿಯಲ್ಲಿ ಕಾಳ್ಗಿಚ್ಚಿಗೆ ಉರುವಲಾಗಿರುವ ಅದನ್ನು ಐರೋಪ್ಯ ಒಕ್ಕೂಟ 2017ರಲ್ಲಿ ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ‘ರುಬ್ರಮ್’ ಎಂಬ ನೇರಳೆಗೆಂಪು ತಳಿಯಲ್ಲಿ ಮೊಳೆಯುವ ಬೀಜ ಅಪರೂಪ, ನೋಡಲೂ ಅದೇ ಚೆಂದ.

ಅದಕ್ಕಿಂತ ಒಂದು ಕೈ ಮೇಲು ನಮ್ಮದೇ ಲಾವಂಚ. ಮಡಕೆ ನೀರಿಗೆ ಹಾಕುವ ಬೇರು, ಬೇಸಿಗೆಯ ತಟ್ಟಿ ಎಂದಷ್ಟೇ ಅದನ್ನು ಬಲ್ಲವರು ಗಿಡವನ್ನೇ ಕಂಡಿರುವುದಿಲ್ಲ! 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ತಜ್ಞರಾದ ರಿಚರ್ಡ್ ಗ್ರಿಮ್‌ಶಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಮಣ್ಣಿನ ಕೊಚ್ಚಣೆ ತಡೆಯಲು ಇದನ್ನು ನೆಡಿ ಎಂದು ಸಾರಿದರು. ಗುಂಡ್ಲುಪೇಟೆ ಕಡೆಯ ರೈತರು ಅದಕ್ಕೂ ಎಷ್ಟೋ ಮೊದಲೇ ಹೊಲದ ಎಲ್ಲೆಗೆ ಅದನ್ನು ನೆಟ್ಟುಕೊಂಡಿದ್ದರು. ಬೇರು ಅಕ್ಕಪಕ್ಕ ಹರಡದೆ ನೆಟ್ಟಗೆ ಮೂರು ಮೀಟರಿನಷ್ಟು ಆಳಕ್ಕೂ ಇಳಿಯುತ್ತದೆ. ಹಾಗಾಗಿ ಪಕ್ಕದ ಗುಲಾಬಿಯ ಗೊಬ್ಬರಕ್ಕೆ ಅಷ್ಟಾಗಿ ಕೈಹಾಕುವುದಿಲ್ಲ.

ಬೆಳೆಸುವುದು ಬೀಜದಿಂದಲ್ಲ, ತೆಂಡೆಯಿಂದ. ಹಳೆಯ ಬುಡವನ್ನು ಅಗೆದು, ಎರಡು ಮೂರು ತೆಂಡೆಗಳಂತೆ ಸೀಳಿ, ಗರಿಯನ್ನು ಒಂದು ಗೇಣಿಗೂ ಬೇರನ್ನು ನಾಲ್ಕು ಬೆರಳಿಗೂ ಕತ್ತರಿಸಿ ನೆಡಬೇಕು. ಬೇಲಿಗೆ ಅರ್ಧ ಅಡಿಗೊಂದು ತೆಂಡೆ ಸಾಕು. ನೋಟಕ್ಕಾದರೆ ಮೂರಡಿ ಬಿಡಬೇಕು, ಆಗಲೇ ಪೊದೆ ಸುತ್ತಲೂ ಬಾಗಿ ಕಾರಂಜಿಯಂತೆ ತೆರೆದುಕೊಳ್ಳುವುದು. ನೆರಳು ಇದಕ್ಕೆ ಆಗದು. ಜಾಗ ಗೊತ್ತುಮಾಡುವ ಮುನ್ನ ಸಂಜೆ ಐದರ ಹೊತ್ತಿಗೆ ಜಗುಲಿಯಲ್ಲಿ ಕೂತು ನೋಡಿದರೆ ಒಳ್ಳೆಯದು. ಕೂತವರಿಗೂ ಇಳಿಬಿಸಿಲಿಗೂ ನಡುವೆ ಪೊದೆ ಬಂದರೆ ನೇರಳೆ ಛಾಯೆಯ ತೆನೆಯ ಒಂದೊಂದು ಎಳೆಯೂ ಹೊಳೆಯುತ್ತದೆ. ಬಿಸಿಲು ಬೆನ್ನ ಹಿಂದಿದ್ದರೆ ಅದೇ ತೆನೆ ಮಂಕು.

ಹಾವು ಸೇರುತ್ತದೆ ಎಂಬುದು ಮನೆಯ ಹಿರಿಯರ ಮೊದಲ ತಕರಾರು. ಅದನ್ನು ತಳ್ಳಿಹಾಕುವಂತಿಲ್ಲ, ದಟ್ಟ ಪೊದೆ ಯಾವುದಾದರೂ ಅಷ್ಟೇ. ಬಾಗಿಲ ಬಳಿ, ಮಕ್ಕಳು ಆಡುವಲ್ಲಿ ನೆಡದೆ, ಒಣಗರಿ ತೆಗೆದು ಬುಡ ಚೊಕ್ಕವಾಗಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಗೊಬ್ಬರದ ಕೈ ಬಿಗಿಯಿರಲಿ, ಹೆಚ್ಚಾದರೆ ಗರಿ ಸೊಕ್ಕಿ ನೆಲಕ್ಕೆ ಮಲಗುತ್ತದೆ. ಭರಣಿ ಮಳೆಯ ಹೊತ್ತಿಗೆ ಇಡೀ ಪೊದೆಯನ್ನು ಮೊಣಕಾಲೆತ್ತರಕ್ಕೆ ಕುಡುಗೋಲಿನಿಂದ ಕೊಯ್ಯಬೇಕು. ಅಂಚು ಒರಟು, ಕೈಗವಸು ಇರಲಿ. ಕೊಯ್ದ ಗರಿಯನ್ನು ತೆಂಗಿನ ಪಾತಿಗೆ ಮುಚ್ಚಿಗೆಯಾಗಿ ಹರಡಬಹುದು.