ಹಳೆ ಜೀಪಿನ ಕ್ಲಚ್: ನಟ್ಟು ತಿರುಗಿಸುವ ಮುನ್ನ

‘ಗೇರ್ ಸರಿಯಾಗಿ ಬೀಳ್ತಿಲ್ಲ, ಕ್ಲಚ್ ಸ್ವಲ್ಪ ಟೈಟ್ ಮಾಡಿಕೊಡಿ.’ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಾಗಲಿ, ಭದ್ರಾವತಿಯ ಗ್ಯಾರೇಜುಗಳಲ್ಲಾಗಲಿ ಹಳೆ ಜೀಪಿನವರು ಆಗಾಗ ಹೇಳುವ ಮಾತಿದು. ಮೇಸ್ತ್ರಿ ಗಾಡಿಯಡಿ ನುಸುಳುತ್ತಾರೆ, ಲಾಕ್ ನಟ್ ಸಡಿಲಿಸಿ ನಾಲ್ಕು ಸುತ್ತು ತಿರುಗಿಸುತ್ತಾರೆ, ಮೇಲೆ ಬಂದು ಪೆಡಲ್ ತುಳಿದು ನೋಡುತ್ತಾರೆ. ಗೇರ್ ಬೀಳುತ್ತದೆ, ಗಾಡಿ ಹೊರಡುತ್ತದೆ. ಈ ಪದ್ಧತಿಯಲ್ಲಿ ಕೈಚಳಕವಿದೆ, ವರ್ಷಗಳ ಅನುಭವವಿದೆ. ಆದರೆ ಕೆಲಸದ ಕ್ರಮ ತಲೆಕೆಳಗಾಗಿದೆ. ಹೊಂದಿಸುವುದು ಎಲ್ಲ ಮುಗಿದ ಮೇಲೆ ಮಾಡಬೇಕಾದ ಕೆಲಸ. ನಮ್ಮಲ್ಲಿ ಅದೊಂದನ್ನೇ ಮಾಡಿ ಮುಗಿಸುತ್ತಾರೆ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಮುಂದೆ ಬಂದ ಎತ್ತರ ಬಾನೆಟ್ಟಿನ ಸಿಜೆ-3ಬಿ ತೀರ್ಥಹಳ್ಳಿ, ಹೊಸನಗರ ಕಡೆಯ ಕೆಸರು ದಾರಿಗೆ ಹೇಳಿ ಮಾಡಿಸಿದಂಥ ಗಾಡಿ. ಇದರ ಕ್ಲಚ್ ವ್ಯವಸ್ಥೆಯಲ್ಲಿ ಎಣ್ಣೆಯಿಲ್ಲ, ಸಿಲಿಂಡರಿಲ್ಲ. ಪೆಡಲ್ ಒತ್ತಿದರೆ, ಷಾಸಿಗೂ ಬೆಲ್ ಹೌಸಿಂಗಿಗೂ ನಡುವೆ ಅಡ್ಡಲಾಗಿ ಕೂತ ಕೊಳವೆಯೊಂದು ತಿರುಗುತ್ತದೆ. ಕೊಳವೆಗೆ ಸಿಕ್ಕಿಸಿದ ಗಿಡ್ಡ ಕೇಬಲ್ ಫೋರ್ಕನ್ನು ಎಳೆಯುತ್ತದೆ. ಫೋರ್ಕು ರಿಲೀಸ್ ಬೇರಿಂಗನ್ನು ಪ್ರೆಶರ್ ಪ್ಲೇಟಿನ ಬೆರಳುಗಳ ಮೇಲೆ ಒತ್ತುತ್ತದೆ. ಎಂಜಿನ್ ಅಲುಗಿದರೂ ಷಾಸಿ ತಿರುಚಿದರೂ ತಾಳಿಕೊಳ್ಳಲೆಂದು ಕೊಳವೆಯ ಎರಡೂ ತುದಿಗೆ ಗುಂಡು ಕೀಲುಗಳಿವೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಸವೆದರೆ ಊರಿನ ಲೇತಿನಲ್ಲೇ ಹೊಸದಾಗುತ್ತದೆ. ಎಂಬತ್ತು ವರ್ಷ ಹಿಂದಿನ ಈ ರಚನೆಯಲ್ಲಿ ನನಗೆ ಹೇಳುವಂಥ ದೋಷ ಕಾಣುವುದಿಲ್ಲ.

ಬೇರಿಂಗಿಗೂ ಬೆರಳುಗಳಿಗೂ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಸಂದು ಇರಬೇಕು. ಅದೇ ಪೆಡಲ್ ಬಳಿ ಮುಕ್ಕಾಲಿಂಚಿನಿಂದ ಒಂದಿಂಚಿನಷ್ಟು ಖಾಲಿ ಚಲನೆಯಾಗಿ, ಅಂದರೆ ಫ್ರೀ ಪ್ಲೇ ಆಗಿ ಕಾಣುತ್ತದೆ. ಸಂದು ಇಲ್ಲವಾದರೆ ಬೇರಿಂಗ್ ಸದಾ ತಿರುಗುತ್ತಾ ಸವೆಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುವಾಗ ಕ್ಲಚ್ ಜಾರಿ, ಎಂಜಿನ್ ಕೂಗಿದರೂ ಗಾಡಿ ಎಳೆಯುವುದಿಲ್ಲ. ಸಂದು ಜಾಸ್ತಿಯಾದರೆ ಪೆಡಲ್ ತಳ ಮುಟ್ಟಿದರೂ ಕ್ಲಚ್ ಬಿಡುವುದಿಲ್ಲ. ಈ ಜೀಪುಗಳ ಮೂರು ಗೇರಿನ ಪೆಟ್ಟಿಗೆಯಲ್ಲಿ ಫಸ್ಟ್ ಮತ್ತು ರಿವರ್ಸ್‌ಗೆ ಸಿಂಕ್ರೋಮೆಶ್ ಇಲ್ಲ, ಹಾಗಾಗಿ ಹಲ್ಲುಗಳು ಕರಕರ ಎಂದು ತಿಕ್ಕಾಡುತ್ತವೆ.

ಕ್ಲಚ್ ಪ್ಲೇಟ್ ಸವೆದಂತೆ ಬೆರಳುಗಳು ಬೇರಿಂಗಿನ ಕಡೆ ಸರಿಯುತ್ತವೆ, ಫ್ರೀ ಪ್ಲೇ ಕಡಿಮೆಯಾಗುತ್ತದೆ. ಪಿನ್ನು, ಬುಷ್ಷು, ಕೀಲುಗಳು ಸವೆದಂತೆ ಪೆಡಲ್ ಸಡಿಲವಾಗಿ ಫ್ರೀ ಪ್ಲೇ ಹೆಚ್ಚಾಗುತ್ತದೆ. ಎರಡೂ ಸವೆತ ಒಟ್ಟಿಗೆ ನಡೆದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಪೆಡಲ್ ತುಳಿದರೆ ಎಲ್ಲ ಸರಿಯಿದೆ ಅನಿಸುತ್ತದೆ, ಒಳಗೆ ಬೇರಿಂಗಿಗೆ ಸಂದೇ ಉಳಿದಿರುವುದಿಲ್ಲ. ಕಾಲಿನ ಅಂದಾಜನ್ನು ಮಾತ್ರ ನಂಬಿ ನಟ್ಟು ತಿರುಗಿಸುವ ಪದ್ಧತಿ ಸೋಲುವುದು ಇಲ್ಲಿ. ಹಾಗೆ ಬಿಗಿಮಾಡಿದ ಕ್ಲಚ್ ಕೆಲವು ವಾರ ಚೆನ್ನಾಗಿಯೇ ನಡೆದು ಆಮೇಲೆ ಬೇರಿಂಗನ್ನು ತಿಂದುಹಾಕುತ್ತದೆ. ಬೇರಿಂಗ್ ಹಾಕಲು ಗೇರ್‌ಬಾಕ್ಸ್ ಇಳಿಸಲೇಬೇಕು.

ಅಡಿಯಲ್ಲಿ ಮಲಗಿ ನೋಡಿದರೆ ಕತೆ ಗೊತ್ತಾಗುತ್ತದೆ. ಒಬ್ಬರು ಪೆಡಲನ್ನು ನಿಧಾನಕ್ಕೆ ಒತ್ತಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಒಂದೊಂದೇ ಕೀಲನ್ನು ಗಮನಿಸಲಿ. ಪೆಡಲ್ ಚಲಿಸಿಯೂ ಮುಂದಿನ ತುಂಡು ಅಲುಗದಿದ್ದರೆ ಸವೆತ ಅಲ್ಲೇ. ದುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ಪಿನ್ನಿನ ಸೊಂಟ ಸಣಕಲಾಗಿರುತ್ತದೆ. ಕಳೆದ ಪಿನ್ನಿನ ಜಾಗಕ್ಕೆ ಬೋಲ್ಟ್ ಹಾಕಿದ ಗಾಡಿಗಳೂ ಸಿಗುತ್ತವೆ. ಬೋಲ್ಟಿನ ಮರೆಗಳು ಅರದಂತೆ ತೂತನ್ನು ಉಜ್ಜುತ್ತವೆ. ಇದು ಖಂಡಿತ ತಪ್ಪು. ಪಿನ್ನಿಗೆ ಪಿನ್ನೇ ಬೇಕು, ಜೊತೆಗೆ ಹೊಸ ಸ್ಪ್ಲಿಟ್ ಪಿನ್ನೂ ಬೇಕು. ಎಂಜಿನ್ ಮೌಂಟಿಂಗ್ ರಬ್ಬರನ್ನೂ ಆಗಲೇ ನೋಡಬೇಕು. ಕೊಳವೆಯ ಒಂದು ತುದಿ ಎಂಜಿನ್ ಕಡೆ ಇರುವುದರಿಂದ, ರಬ್ಬರ್ ಕುಸಿದರೆ ಎಂಜಿನ್ ಓಲಾಡಿ ಕ್ಲಚ್ಚನ್ನೂ ಎಳೆಯುತ್ತದೆ. ಗಾಡಿ ಹೊರಡುವಾಗ ನಡುಗುತ್ತದೆ. ಆ ನಡುಕವನ್ನು ಎಷ್ಟು ನಟ್ಟು ತಿರುಗಿಸಿದರೂ ನಿಲ್ಲಿಸಲಾಗದು.

ಇಷ್ಟನ್ನೂ ಸರಿಪಡಿಸುವ ಕೈಗಳು ಶಿವಮೊಗ್ಗ, ಭದ್ರಾವತಿಗಳಲ್ಲೇ ಇವೆ. ಭದ್ರಾವತಿಯಲ್ಲಿ ಮೈಸೂರು ಐರನ್ ವರ್ಕ್ಸ್ ಶುರುವಾದದ್ದು 1923ರಲ್ಲಿ. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯ ಸುತ್ತ ಟರ್ನರ್, ಫಿಟ್ಟರ್‌ಗಳ ತಲೆಮಾರುಗಳು ಬೆಳೆದವು. ಇಲ್ಲಿನ ಲೇತ್ ಕೆಲಸಗಾರರ ಮುಂದೆ ಸವೆದ ಪಿನ್ ಇಟ್ಟರೆ ಸಾಕು, ಗನ್‌ಮೆಟಲ್ ಬುಷ್ ಕಡೆದು, ತೂತು ರೀಮ್ ಮಾಡಿ, ಹೊಸ ಪಿನ್ ಕೂರಿಸಿ ಕೊಡುತ್ತಾರೆ. ಇತ್ತ ಎರಡೂ ಊರಿನ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಅಳತೆಯ ಇಂಥ ಶಿಸ್ತಿರುವ ಊರಿನಲ್ಲಿ ಹಳೆ ಜೀಪಿನ ಕ್ಲಚ್ಚಿಗೆ ಒಂದು ಸ್ಕೇಲು ಹಿಡಿಯದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಸಮಯವಿಲ್ಲ, ಗಿರಾಕಿ ಕಾಸು ಕೊಡುವುದಿಲ್ಲ ಎಂಬ ಮೇಸ್ತ್ರಿಗಳ ಮಾತಿನಲ್ಲಿ ಹುರುಳಿದೆ. ನಟ್ಟು ತಿರುಗಿಸಿದ್ದಕ್ಕೆ ನೂರು ರೂಪಾಯಿ ಕೊಡುವವರು, ಅರ್ಧ ದಿನ ಅಡಿಯಲ್ಲಿ ಮಲಗಿ ಸವೆತ ಹುಡುಕಿದ್ದಕ್ಕೆ ಐನೂರು ಕೊಡಲು ಹಿಂಜರಿಯುತ್ತಾರೆ. ಈ ತಪ್ಪಿನಲ್ಲಿ ಗಾಡಿ ಮಾಲೀಕರ ಪಾಲೇ ದೊಡ್ಡದು.

ಆದ್ದರಿಂದ ಹಳೆ ಜೀಪು ಇಟ್ಟುಕೊಂಡವರಲ್ಲಿ ಒಂದು ಕೋರಿಕೆ. ಮುಂದಿನ ಸಲ ‘ಟೈಟ್ ಮಾಡಿ’ ಎನ್ನಬೇಡಿ, ‘ಎಲ್ಲಿ ಸವೆದಿದೆ ನೋಡಿ’ ಎನ್ನಿ. ಮೊದಲು ಕೀಲುಗಳು, ಬಳಿಕ ಮೌಂಟಿಂಗ್, ಆಮೇಲೆ ರಿಟರ್ನ್ ಸ್ಪ್ರಿಂಗ್. ಕೇಬಲ್ ಸಡಿಲಾಗಿರುವಾಗ ಫೋರ್ಕನ್ನೇ ಕೈಯಿಂದ ಅಲುಗಿಸಿ ಬೇರಿಂಗಿಗೆ ಸಂದು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಲಿ, ನಟ್ಟು ಕೊನೆಗೆ ತಿರುಗಲಿ. ಪೆಡಲಿನ ಅಳತೆಯನ್ನು ತಾರೀಕಿನ ಸಮೇತ ಬರೆದಿಡಿ. ಹುಡುಕಿದ ಶ್ರಮಕ್ಕೆ ತಕ್ಕ ಕೂಲಿ ಕೊಡಿ.