ಮನಿಪ್ಲಾಂಟಿಗೆ ಕತ್ತರಿ ಬೇಕು

ಮನಿಪ್ಲಾಂಟಿನ ಬಳ್ಳಿ ಕತ್ತರಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಅಪರೂಪ. ಆ ಭಯಕ್ಕೇ ಕಿಟಕಿಯ ಸರಳಿನಿಂದ ಗೋಡೆಯ ಮೊಳೆಗೆ, ಅಲ್ಲಿಂದ ಶೋಕೇಸಿನ ಮೇಲಕ್ಕೆ ದಾರ ಕಟ್ಟಿ ಬಳ್ಳಿ ಹಬ್ಬಿಸುತ್ತೇವೆ. ಹದಿನೈದಡಿ ಉದ್ದದ ಬೋಳು ಕಾಂಡ, ತುದಿಯಲ್ಲಿ ನಾಲ್ಕೇ ಎಲೆ. ಬಂದವರು ಉದ್ದ ನೋಡಿ ಮೆಚ್ಚುತ್ತಾರೆ. ನನಗೆ ಸಂಕಟವಾಗುತ್ತದೆ. ಎಲೆಗಳ ನಡುವೆ ಅಷ್ಟು ಅಂತರ ಬಿದ್ದಿದೆಯೆಂದರೆ ಗಿಡ ಬೆಳಕು ಸಾಲದೆ ತಡಕಾಡಿದೆ ಎಂದೇ ಅರ್ಥ.

ಈ ನಂಬಿಕೆಗೆ ಗಿಡದ ಹುಟ್ಟೇ ಉತ್ತರ ಕೊಡುತ್ತದೆ. ಮನಿಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೋರಿಯಾ ದ್ವೀಪ. 1880ರಲ್ಲಿ ಸಸ್ಯವಿಜ್ಞಾನದ ಹೆಸರು ಪಡೆದ ಈ ಬಳ್ಳಿ ಹೂ ಬಿಡುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೂವಿಲ್ಲ, ಬೀಜವಿಲ್ಲ. ಹಾಗಾದರೆ ನಮ್ಮ ಮನೆಗೆ ಅದು ಬಂದದ್ದು ಹೇಗೆ? ಯಾರೋ ತಮ್ಮ ಬಳ್ಳಿಯನ್ನು ಕತ್ತರಿಸಿದ್ದರಿಂದ. ಕತ್ತರಿಸಬಾರದು ಎಂದು ಕಾಪಾಡುವ ಆ ಬಳ್ಳಿಯೂ ಕತ್ತರಿಸಿದ ತುಂಡೇ.

ನಮ್ಮ ಕೃಷಿಕರಿಗೆ ಈ ಹಿಂಜರಿಕೆ ಇಲ್ಲ. ವೀಳ್ಯದೆಲೆ ತೋಟದಲ್ಲಿ ಹಳೆಯ ಬಳ್ಳಿಯನ್ನು ಕೆಳಗಿಳಿಸಿ, ಸುತ್ತಿ ಮಣ್ಣು ಮುಚ್ಚಿ ಹೊಸ ಚಿಗುರು ಬರಿಸುತ್ತಾರೆ. ಕಾಳುಮೆಣಸಿನ ಬುಡದಲ್ಲಿ ಹರಿಯುವ ಹಬ್ಬು ಬಳ್ಳಿಯನ್ನು ಕತ್ತರಿಸಿ ಸಸಿ ಮಾಡುತ್ತಾರೆ. ಮಲ್ಲಿಗೆಯನ್ನು ಸವರದೆ ಬಿಟ್ಟವರಿಗೆ ಹೆಚ್ಚು ಹೂ ಸಿಗದು. ತೋಟದಲ್ಲಿ ಆರೈಕೆ ಎನಿಸಿಕೊಂಡ ಕೆಲಸ ಹಜಾರಕ್ಕೆ ಬಂದಾಗ ಅಪಶಕುನವಾಗಬೇಕಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಗಿಡ ಪ್ರಿಯರಲ್ಲೇ ಇದೆ: ಕುಡಿ ಚಿವುಟಿದರೆ ಸಾಕು, ಕುಂಡ ತುಂಬಿಕೊಳ್ಳುತ್ತದೆ ಎಂದು. ದಾಸವಾಳ, ತುಳಸಿಗೆ ಅದು ಸರಿ. ಮನಿಪ್ಲಾಂಟಿನಲ್ಲಿ ಕತ್ತರಿಸಿದ ಜಾಗದ ಹತ್ತಿರದ ಗೆಣ್ಣಿನಿಂದ ಸಾಮಾನ್ಯವಾಗಿ ಒಂದೋ ಎರಡೋ ಚಿಗುರು ಮಾತ್ರ ಒಡೆಯುತ್ತದೆ. ಉದುರಿದ ಎಲೆಯ ಜಾಗದಲ್ಲಿ ಮತ್ತೆ ಎಲೆ ಹುಟ್ಟುವುದಿಲ್ಲ. ಕುಂಡ ತುಂಬಬೇಕಾದರೆ ಕತ್ತರಿಸಿದ ತುಂಡುಗಳನ್ನು ಅದೇ ಮಣ್ಣಿಗೆ ಮರಳಿ ನೆಡಬೇಕು. ಅಮ್ಮನ ಮಾತಿಗೆ ಕಟ್ಟುಬಿದ್ದು ನಾಲ್ಕು ವರ್ಷ ನಾನೂ ಕತ್ತರಿ ಮುಟ್ಟಿರಲಿಲ್ಲ. ಕೊನೆಗೊಂದು ಜೂನಿನಲ್ಲಿ ಬಳ್ಳಿಯನ್ನು ಹನ್ನೊಂದು ತುಂಡು ಮಾಡಿ ಅದೇ ಕುಂಡದಲ್ಲಿ ಊರಿದೆ. ದಸರೆಗೆ ಮಣ್ಣು ಕಾಣದಷ್ಟು ಎಲೆ. ಅಮ್ಮನೇ ಅದನ್ನು ಒಳಗಿನಿಂದ ಬಾಗಿಲ ಬಳಿಗೆ ತಂದಿಟ್ಟರು.

ಕತ್ತರಿ ಹಾಕುವುದು ಗೆಣ್ಣಿನ ಮೇಲೆ ಅರ್ಧ ಇಂಚು ಬಿಟ್ಟು. ಗೆಣ್ಣಿಲ್ಲದ ಬರೀ ಎಲೆ ನೀರಿನಲ್ಲಿ ಬೇರು ಬಿಟ್ಟರೂ ಬಳ್ಳಿಯಾಗದು. ತುಂಡಿಗೆ ಒಂದು ಗೆಣ್ಣು, ಒಂದು ಎಲೆಯಾದರೂ ಇರಲಿ. ಒಮ್ಮೆಗೇ ಎಲ್ಲವನ್ನೂ ಬೋಳಿಸದೆ ಮೂರನೆಯ ಒಂದು ಭಾಗ ತೆಗೆದರೆ ಗಿಡ ಸುಲಭವಾಗಿ ಸುಧಾರಿಸಿಕೊಳ್ಳುತ್ತದೆ. ಎಲೆ ಕಡಿಮೆಯಾದ ಮೇಲೆ ನೀರನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕೈ ತುರಿಸಬಹುದು, ಬೆಕ್ಕು, ನಾಯಿ, ಮಕ್ಕಳ ಬಾಯಿಗೆ ಸಿಗಬಾರದು.

ಯಾವಾಗ? ವಸಂತದಲ್ಲಿ ಎಂದು ಪುಸ್ತಕಗಳು ಹೇಳುವುದು ಹಿಮ ಬೀಳುವ ದೇಶಗಳ ಲೆಕ್ಕ. ಅಲ್ಲಿ ಗಿಡ ಎಚ್ಚರಗೊಳ್ಳುವುದು ಆಗಲೇ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಹೊಸ ತುಂಡು ಬೇರೂರುವ ಮೊದಲೇ ಬಾಡುತ್ತದೆ. ನಮ್ಮಲ್ಲಿ ಗಾಳಿಗೆ ತೇವ ಬರುವ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲವೇ ಸರಿ. ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ನಿಧಾನ, ಆಗ ಬಿಟ್ಟುಬಿಡಿ. ಹಳದಿಯಾದ ಎಲೆಗೆ ಮಾತ್ರ ಮುಹೂರ್ತ ಬೇಡ.

ಉದ್ದವೇ ಬೇಕೆನ್ನುವವರಿಗೂ ದಾರಿಯಿದೆ: ಕೆಳಗೆ ಜೋತುಬಿಡದೆ ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿಸಿ. ಜೋತುಬಿದ್ದ ಬಳ್ಳಿಯ ಎಲೆ ಕಿರಿದಾಗುತ್ತ ಹೋಗುತ್ತದೆ, ಹತ್ತುವ ಬಳ್ಳಿಯದು ಹಿಗ್ಗುತ್ತದೆ. ಮಲೆನಾಡಿನ ಹಿತ್ತಿಲುಗಳಲ್ಲಿ ಮಾವಿನ ಮರ ಏರಿ, ಮೊಳದುದ್ದದ ಸೀಳು ಎಲೆ ಬಿಟ್ಟಿರುವುದೂ ಇದೇ ಮನಿಪ್ಲಾಂಟ್.

ಆ ದೃಶ್ಯ ಚೆಂದ, ಅಪಾಯವೂ ಅದರಲ್ಲೇ ಇದೆ. ಶ್ರೀಲಂಕಾ, ಹವಾಯಿಯಲ್ಲಿ ಈ ಬಳ್ಳಿ ಕಾಡಿಗೆ ನುಗ್ಗಿ ನೆಲವನ್ನೂ ಮರವನ್ನೂ ಮುಚ್ಚಿದೆ. ಬೀಜವಿಲ್ಲದ ಗಿಡ ಅಲ್ಲಿಗೆ ಹೋದದ್ದು ಮನುಷ್ಯ ನೆಟ್ಟ ಇಲ್ಲವೇ ಎಸೆದ ತುಂಡುಗಳಿಂದಲೇ. ಆದ್ದರಿಂದ ಕತ್ತರಿಸಿ ಉಳಿದದ್ದನ್ನು ಖಾಲಿ ಸೈಟಿಗೋ ಹಳ್ಳದ ಬದಿಗೋ ಎಸೆಯಬೇಡಿ. ಪಕ್ಕದ ಮನೆಯವರಿಗೆ ಕೊಡಿ, ಯಾರೂ ಬೇಡವೆಂದರೆ ಚೆನ್ನಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.